ಆಲ್ಕೋಹಾಲ್ ಇಲ್ಲದ ಬಿಯರ್ ತರಿಸಿಕೊಂಡರೆ ಜರ್ಮನಿಯಲ್ಲಿ ನಗುತ್ತಾರೆಯೇ?

ಓದಲು ಮ್ಯೂನಿಕ್‌ಗೆ ಹೊರಟಿದ್ದೀರಿ, ಮದ್ಯ ಮುಟ್ಟುವುದಿಲ್ಲ, ಗೆಳೆಯರ ನಡುವೆ ಆಲ್ಕೋಹಾಲ್ ಇಲ್ಲದ ಬಿಯರ್ ತರಿಸಿಕೊಂಡರೆ ಹೀಯಾಳಿಸುತ್ತಾರೆಯೇ ಎಂದು ಕೇಳಿದ್ದೀರಿ. ಖಂಡಿತ ಇಲ್ಲ, ಧೈರ್ಯವಾಗಿ ಬನ್ನಿ.

ಯಕೃತ್ತಿನ ತೊಂದರೆಯಿಂದ ನಾನು ಮದ್ಯ ಬಿಟ್ಟು ನಾಲ್ಕು ವರ್ಷವಾಯಿತು. ಊರಿಗೆ ಬಂದಾಗ ‘ಒಂದೇ ಒಂದು ಗುಟುಕು’ ಎಂದು ಪೀಡಿಸುವವರು ಈಗಲೂ ಇದ್ದಾರೆ. ಅದು ನನಗೆ ನಿಜಕ್ಕೂ ನೋವು ಕೊಡುತ್ತದೆ. ಇಲ್ಲಿ ಸಹೋದ್ಯೋಗಿಗಳ ಜೊತೆ ಮರದ ಬೆಂಚಿನಲ್ಲಿ ಕುಳಿತರೆ ನನಗೂ ಅವರಿಗೂ ಅದೇ ಅರ್ಧ ಲೀಟರಿನ ಎತ್ತರದ ಲೋಟ. ಗೋಧಿ ಬಿಯರನ್ನು ಲೋಟ ಓರೆ ಮಾಡಿ ಸುರಿಯಬೇಕು. ಕೊನೆಯ ಎರಡು ಬೆರಳಿನಷ್ಟನ್ನು ಬಾಟಲಿಯಲ್ಲೇ ಉಳಿಸಿ, ತಿರುಗಿಸಿ, ತಳದಲ್ಲಿದ್ದ ಯೀಸ್ಟ್ ಮೇಲೆದ್ದ ನಂತರ ನೊರೆಯ ಮೇಲೆ ಹಾಕಬೇಕು. ಆಮೇಲೆ ಲೋಟಗಳ ದಪ್ಪ ಬುಡ ತಾಗಿಸಿ ‘ಪ್ರೋಸ್ಟ್’ (ಚಿಯರ್ಸ್) ಎನ್ನುತ್ತಾರೆ. ಯಾರ ಲೋಟದಲ್ಲಿ ಏನಿದೆ ಎಂದು ಯಾರೂ ವಿಚಾರಿಸುವುದಿಲ್ಲ.

ಮೊದಲು ಹೀಗಿರಲಿಲ್ಲ. 1972ರಲ್ಲಿ ಪೂರ್ವ ಜರ್ಮನಿಯಲ್ಲಿ ಬಂದ ಇಂಥ ಬಿಯರಿನ ಹೆಸರು ‘ಔಬಿ’, ಅಂದರೆ ವಾಹನ ಓಡಿಸುವವರ ಬಿಯರ್. ಬೇರೆ ಗತಿಯಿಲ್ಲದವರು ಕುಡಿಯುವಂಥದ್ದು ಎಂದೇ ಲೆಕ್ಕ. 1979ರಲ್ಲಿ ಪಶ್ಚಿಮ ಜರ್ಮನಿಯಲ್ಲಿ ‘ಕ್ಲೌಸ್ಟಾಲರ್’ ಎಂಬ ಇಂಥದೇ ಬಿಯರ್ ಬಂತು. ರುಚಿಯದೂ ತಕರಾರಿತ್ತು: ಹುದುಗುವುದನ್ನು ನಡುವೆಯೇ ನಿಲ್ಲಿಸಿದರೆ ಮೊಳಕೆ ಧಾನ್ಯದ ಗಂಜಿಯಂಥ ಸಪ್ಪೆ ಸಿಹಿ ಉಳಿದುಬಿಡುತ್ತದೆ. ಪೂರ್ತಿ ಹುದುಗಿದ ಬಿಯರಿನಿಂದ ನಿರ್ವಾತದಲ್ಲಿ, ಕಡಿಮೆ ಶಾಖದಲ್ಲಿ ಆಲ್ಕೋಹಾಲ್ ತೆಗೆಯುವ ವಿಧಾನದಲ್ಲಿ ಆ ದೋಷ ಕಡಿಮೆ.

ನನ್ನ ಪ್ರಕಾರ ‘ಗತಿಯಿಲ್ಲದವರ ಬಿಯರ್’ ಎಂಬ ಹಣೆಪಟ್ಟಿಯನ್ನು ಕಿತ್ತೆಸೆದವರು ಕ್ರೀಡಾಪಟುಗಳು. ಓಟದ ಸ್ಪರ್ಧೆಗಳ ಕೊನೆಯ ಗೆರೆ ದಾಟಿದವರ ಕೈಗೆ ‘ಎರ್ಡಿಂಗರ್’ನಂಥ ಆಲ್ಕೋಹಾಲ್ ರಹಿತ ಗೋಧಿ ಬಿಯರ್ ಕೊಡುವುದು ಇಲ್ಲಿ ವಾಡಿಕೆ. 2009ರ ಮ್ಯೂನಿಕ್ ಮ್ಯಾರಥಾನ್‌ನ 277 ಓಟಗಾರರ ಮೇಲೆ ನಡೆದ ಅಧ್ಯಯನದಲ್ಲಿ, ಇದನ್ನು ದಿನವೂ ಕುಡಿದವರಲ್ಲಿ ಶೀತ, ಗಂಟಲುನೋವು ಕಡಿಮೆ ಕಂಡಿತು. ಅದಕ್ಕೆ ಬಿಯರ್ ಕಂಪನಿಯ ಹಣವೂ ಇತ್ತು ಎಂಬುದನ್ನು ಮರೆಯಬಾರದು. 2018ರ ಪ್ಯೊಂಗ್‌ಚಾಂಗ್ ಚಳಿಗಾಲದ ಒಲಿಂಪಿಕ್ಸ್‌ಗೆ ಜರ್ಮನ್ ತಂಡಕ್ಕಾಗಿ ಸುಮಾರು 3,500 ಲೀಟರ್ ಆಲ್ಕೋಹಾಲ್ ರಹಿತ ಬಿಯರ್ ಹೋಗಿತ್ತು. ಪದಕ ಗೆಲ್ಲುವವರು ಕುಡಿಯುವುದನ್ನು ಅಶಕ್ತರ ಪಾನೀಯ ಎನ್ನುವುದು ಹೇಗೆ?

ಒಂದು ಎಚ್ಚರಿಕೆ. ಇಲ್ಲಿ ಲೇಬಲ್ ಮೇಲೆ ‘ಆಲ್ಕೋಹಾಲ್‌ಫ್ರೈ’ (ಆಲ್ಕೋಹಾಲ್ ರಹಿತ) ಎಂದಿದ್ದರೂ 0.5 ಶೇಕಡಾವರೆಗೆ ಆಲ್ಕೋಹಾಲ್ ಇರಬಹುದು. ಒಂದು ಹನಿಯೂ ಬೇಡವೆನ್ನುವವರಾದರೆ ‘0.0’ ಎಂದು ಬರೆದಿರುವುದನ್ನೇ ಕೇಳಿ ತರಿಸಿಕೊಳ್ಳಿ.