ದೇವರಲ್ಲಿ ಬೆಳೆಯೋದು ಗಿಡ ಬೆಳೆದ ಹಾಗೆ ಅಂತಾರಲ್ಲ, ನನಗೆ ಎರಡು ವರ್ಷ ಆದ್ರೂ ಬೆಳವಣಿಗೆನೇ ಕಾಣ್ತಿಲ್ಲ, ಯಾಕೆ?

ಒಂದು ಹುರುಳಿಕಾಯಿ ಬೀಜ ಹಾಕಿ ನೋಡಿ, ಸಿಪ್ಪೆ ಒಡೆದು ಮೊದಲು ಹೊರಗೆ ಬರೋದು ಬೇರು, ಅದು ಕೆಳಗೆ ಇಳೀತಾ ಇರುತ್ತೆ, ಮೇಲಿಂದ ನೋಡೋರಿಗೆ ಬರೀ ಮಣ್ಣೇ ಕಾಣೋದು. ನಿಮ್ಮ ಎರಡು ವರ್ಷನೂ ಹಾಗೇ ಇರಬಹುದು.

ಬೈಬಲ್‌ನ ಮಾರ್ಕ 4ರಲ್ಲಿ ಯೇಸು ಹೇಳೋ ಸಾಮ್ಯದಲ್ಲಿ (ಪಾಠ ಹೇಳೋ ಸಣ್ಣ ಕಥೆ) ರೈತ ಬೀಜ ಬಿತ್ತಿ ರಾತ್ರಿ ಮಲಗ್ತಾನೆ ಬೆಳಿಗ್ಗೆ ಏಳ್ತಾನೆ, ಅದು ಹೇಗೆ ಬೆಳೀತು ಅಂತ ಅವನಿಗೇ ಗೊತ್ತಿಲ್ಲ, ಮೊದಲು ಎಲೆ, ಆಮೇಲೆ ತೆನೆ, ಆಮೇಲೆ ತೆನೆ ತುಂಬಾ ಕಾಳು. ಅದೇ ಅಧ್ಯಾಯದಲ್ಲಿ ಎಲ್ಲಕ್ಕಿಂತ ಬೇಗ ಮೊಳೆತದ್ದು ಯಾವುದು ಗೊತ್ತಾ? ಬಂಡೆ ಮೇಲೆ ಬಿದ್ದ ಬೀಜ! ಮಣ್ಣು ಆಳ ಇಲ್ದೆ ಇರೋದ್ರಿಂದ ಬೇಗ ಎದ್ದು ಬಿಸಿಲು ಬಂದ ತಕ್ಷಣ ಒಣಗೋಯ್ತು, ಹಾಗಾಗಿ ಸ್ಪೀಡ್ ನೋಡಿ ಅಳೀಬೇಡಿ.

ಹಾಗಂತ ಸುಮ್ನೆ ಕೂತ್ಕೊಳ್ಳಿ ಅಂತಲ್ಲ, ದೇವರ ವಾಕ್ಯ (ಬೈಬಲ್) ಓದೋದು, ಪ್ರಾರ್ಥನೆ, ಸಭೆ ಇವೆಲ್ಲ ನೀರು ಗೊಬ್ಬರ ಇದ್ದಂಗೆ, ಆದ್ರೆ 1 ಕೊರಿಂಥ 3:6ರಲ್ಲಿ ಅಪೊಸ್ತಲ ಪೌಲ ಹೇಳೋದು ನಾನು ನೆಟ್ಟೆ, ಅಪೊಲ್ಲೋಸ (ಪೌಲನ ನಂತರ ಅಲ್ಲಿ ಬೋಧಿಸಿದವನು) ನೀರು ಹಾಕಿದ, ಬೆಳೆಸಿದ್ದು ದೇವರು ಅಂತ. ದಿನಾ ಮಣ್ಣು ಕೆದಕಿ ಮೊಳಕೆ ಬಂತಾ ಅಂತ ನೋಡಿದ್ರೆ ಬೇರು ಸಮೇತ ಕಿತ್ತು ಬರುತ್ತೆ ಅಷ್ಟೇ (ನಾನೂ ಸುಮಾರು ದಿನ ಇದನ್ನೇ ಮಾಡಿದೀನಿ).

ಇನ್ನೊಂದು, ಯೋಹಾನ 15:2 ಪ್ರಕಾರ ಕತ್ತರಿ ಬೀಳೋದು ಹಣ್ಣು ಕೊಡೋ ಕೊಂಬೆಗೂನೂ, ಇನ್ನೂ ಜಾಸ್ತಿ ಕೊಡ್ಲಿ ಅಂತ. ಈಗ ಕಷ್ಟ ನಡೀತಿದ್ರೆ ಬೆಳವಣಿಗೆ ನಿಂತೋಯ್ತು ಅಂದ್ಕೋಬೇಡಿ. ಚೆಕ್ ಮಾಡ್ಲೇಬೇಕು ಅನ್ಸಿದ್ರೆ ಗಲಾತ್ಯ 5:22 ತೆಗೆದು (ಪವಿತ್ರಾತ್ಮನಿಂದ ಬರೋ ಗುಣಗಳ ಪಟ್ಟಿ, ತಾಳ್ಮೆನೂ ಅದರಲ್ಲಿದೆ), ಹೋದ ವರ್ಷಕ್ಕಿಂತ ಈಗ ಮನೆಯವರ ಹತ್ರ ತಾಳ್ಮೆ ಸ್ವಲ್ಪನಾದ್ರೂ ಜಾಸ್ತಿ ಆಗಿದ್ಯಾ ಅಂತ ಅವರನ್ನೇ ಕೇಳಿ.