ಕೇಳಿ, ಹೇಳುತ್ತೇವೆ: ಹಬ್ಬದ ಬೇಕಿಂಗ್, ಕೈಕೆಲಸ

ಪ್ರಶ್ನೆ: ಹಬ್ಬಕ್ಕೆಂದು ಕತ್ತರಿಸಿಟ್ಟ ನಕ್ಷತ್ರದ ಬಿಸ್ಕತ್ತುಗಳು ಓವನ್‌ನಲ್ಲಿ ಹರಡಿ ದುಂಡಗಾಗುತ್ತವೆ. ಯಾಕೆ?

ಉತ್ತರ: ಬಹುಪಾಲು ಬೆಣ್ಣೆಯದೇ ತಪ್ಪು. ಅದು ತೀರಾ ಮೆತ್ತಗಿದ್ದರೆ, ಹಿಟ್ಟು ಗಟ್ಟಿಯಾಗುವ ಮೊದಲೇ ಕರಗಿ ಹರಿಯುತ್ತದೆ. 250 ಗ್ರಾಂ ಮೈದಾಕ್ಕೆ 125 ಗ್ರಾಂ ಬೆಣ್ಣೆ, 100 ಗ್ರಾಂ ಪುಡಿ ಸಕ್ಕರೆ, ಒಂದು ಮೊಟ್ಟೆಯ ಹಳದಿ ಸಾಕು. ಬೇಕಿಂಗ್ ಪೌಡರ್ ಬೇಡವೇ ಬೇಡ, ಅಂಚು ಉಬ್ಬಿಸುವುದೇ ಅದು. ಹಿಟ್ಟನ್ನು 5 ಮಿ.ಮೀ. ದಪ್ಪಕ್ಕೆ ಲಟ್ಟಿಸಿ, ಕತ್ತರಿಸಿ, ಟ್ರೇ ಸಮೇತ 20 ನಿಮಿಷ ಫ್ರಿಜ್‌ನಲ್ಲಿಡಿ. 175 ಡಿಗ್ರಿಯಲ್ಲಿ 10ರಿಂದ 12 ನಿಮಿಷ. ಅಂಚು ಹೊಂಬಣ್ಣಕ್ಕೆ ತಿರುಗಿದರೆ ತೆಗೆಯಿರಿ, ನಡುಭಾಗ ಮೆತ್ತಗಿದ್ದರೂ ಆರಿದಾಗ ಗರಿಗರಿಯಾಗುತ್ತದೆ. ಎರಡನೇ ಸರದಿಯನ್ನು ಬಿಸಿ ಟ್ರೇ ಮೇಲೆ ಇಡುವುದು ಎಲ್ಲರೂ ಅವಸರದಲ್ಲಿ ಮಾಡುವ ಎಡವಟ್ಟು.

ಪ್ರಶ್ನೆ: ಮಕ್ಕಳು ಮಾಡಿದ ಉಪ್ಪು ಹಿಟ್ಟಿನ ತೂಗುಗೊಂಬೆಗಳು ಬಿರುಕು ಬಿಡುತ್ತಿವೆ.

ಉತ್ತರ: ಉರಿ ಜಾಸ್ತಿಯಾಗಿದೆ. 2 ಲೋಟ ಮೈದಾ, 1 ಲೋಟ ಪುಡಿ ಉಪ್ಪು, ಮುಕ್ಕಾಲು ಲೋಟ ನೀರು ನಾದಿ, ದಾರದ ತೂತನ್ನು ಸ್ಟ್ರಾದಿಂದ ಮೊದಲೇ ಕೊರೆಯಿರಿ. 100 ಡಿಗ್ರಿಯಲ್ಲಿ 2–3 ಗಂಟೆ, ನಡುವೆ ಒಮ್ಮೆ ಮಗುಚಿ. ಪೂರ್ತಿ ಒಣಗಿದ ಮೇಲಷ್ಟೇ ಬಣ್ಣ. ನಾಯಿಗೆ ಸಿಗದಂತೆ ಎತ್ತರದಲ್ಲಿ ಕಟ್ಟಿ. ಅಷ್ಟು ಉಪ್ಪು ಅದರ ಪ್ರಾಣಕ್ಕೇ ಅಪಾಯ.