ಒಂದೆಲಗಕ್ಕೆ ನೆಂಟರು ಯಾರು? ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಮ್ಮ ಕಡೆ ಒಂದೆಲಗಕ್ಕೂ ಬ್ರಾಹ್ಮಿ ಅನ್ನುತ್ತಾರೆ, ನೀರುಬ್ರಾಹ್ಮಿಗೂ ಬ್ರಾಹ್ಮಿ ಅನ್ನುತ್ತಾರೆ. ಇವೆರಡೂ ಹತ್ತಿರದ ಗಿಡಗಳೇ? ಕ್ಲೋರೋಪ್ಲಾಸ್ಟ್ ಡಿಎನ್‌ಎ ನೋಡಿ ಹೇಳಬಹುದೇ?

ಉತ್ತರ: ಹೇಳಬಹುದು. ಹತ್ತಿರದವಲ್ಲ, ತೀರಾ ದೂರದವು. ತಂಬುಳಿಗೆ ಅರೆಯುವ ಒಂದೆಲಗ, ಅಂದರೆ ಸೆಂಟೆಲ್ಲಾ ಏಷಿಯಾಟಿಕಾ, ಕೊತ್ತಂಬರಿ, ಜೀರಿಗೆ, ಕ್ಯಾರೆಟ್‌ಗಳ ಕುಟುಂಬದ್ದು. ನೀರುಬ್ರಾಹ್ಮಿ, ಅಂದರೆ ಬಕೋಪಾ ಮೊನ್ನಿಯೇರಿ, ಇಸಬ್‌ಗೋಲ್ ಕುಟುಂಬದ್ದು. ತುಳಸಿ, ಎಳ್ಳು ಅದಕ್ಕೆ ಒಂದೆಲಗಕ್ಕಿಂತ ಹತ್ತಿರ. ಹೆಸರು ಕೂಡಿಸಿದ್ದು ನಾವು, ಗಿಡಗಳಲ್ಲ.

ಎಲೆಯ ಹಸಿರು ಕಣವಾದ ಕ್ಲೋರೋಪ್ಲಾಸ್ಟಿನೊಳಗೆ ಅದರದೇ ಡಿಎನ್‌ಎ ಇರುತ್ತದೆ, ಸಾಮಾನ್ಯವಾಗಿ 1.2ರಿಂದ 1.6 ಲಕ್ಷ ಅಕ್ಷರಗಳಷ್ಟು (ಅಕ್ಷರ ಅಂದರೆ ಡಿಎನ್‌ಎ ಸರಪಳಿಯ ಒಂದು ಕೊಂಡಿ). ಅದನ್ನು ಮೊದಲು ಪೂರ್ತಿ ಓದಿದ್ದು 1986ರಲ್ಲಿ, ಜಪಾನಿನಲ್ಲಿ. ಗಿಡಗಳು ಹೊಗೆಸೊಪ್ಪು ಮತ್ತು ಹೂಬಿಡದ ಪುಟ್ಟ ಸಸ್ಯ ಮಾರ್ಕಾಂಶಿಯಾ. ಹೂಬಿಡುವ ಗಿಡಗಳಲ್ಲಿ ಇದು ಬಹುಮಟ್ಟಿಗೆ ತಾಯಿಯಿಂದಲೇ ಬರುತ್ತದೆ, ನಿಧಾನವಾಗಿ ಬದಲಾಗುತ್ತದೆ. ಹಾಗಾಗಿ ಕುಟುಂಬಗಳ ನಡುವಿನ ನಂಟಿಗೆ ಒಳ್ಳೆಯ ಸಾಕ್ಷಿ. ಆದರೆ ಒಂದೇ ಕುಲದ ಪ್ರಭೇದಗಳು ಬೆರಕೆಯಾಗಿದ್ದರೆ ಇದೇ ಸಾಕ್ಷಿ ದಾರಿ ತಪ್ಪಿಸುತ್ತದೆ, ಏಕೆಂದರೆ ಅಪ್ಪನ ಕಡೆ ಕಾಣುವುದೇ ಇಲ್ಲ. ಅಂಥಲ್ಲಿ ಅಪ್ಪ-ಅಮ್ಮ ಇಬ್ಬರಿಂದಲೂ ಬರುವ ನ್ಯೂಕ್ಲಿಯಸ್ ಡಿಎನ್‌ಎಯ ಐಟಿಎಸ್ ಎಂಬ ಭಾಗವನ್ನೂ ಓದಿಸಿ.

ಪ್ರಶ್ನೆ: ಬಲಾ ಗಿಡದ ಎಲೆಯಿಂದ ತೆಗೆದ ಡಿಎನ್‌ಎ ಅಂಟಂಟಾಗಿ, ಕಂದಾಗಿ ಬರುತ್ತಿದೆ. ಹೇಗೋ ಓದಿಸಿ ಜೋಡಿಸಿದರೆ ಒಂದರ ಬದಲು ಎರಡು ಕ್ಲೋರೋಪ್ಲಾಸ್ಟ್ ಜೀನೋಮ್ (ಪೂರ್ತಿ ಡಿಎನ್‌ಎ) ಸಿಗುತ್ತಿವೆ. ಎಲ್ಲಿ ತಪ್ಪಿದೆ?

ಉತ್ತರ: ಅಂಟು ಎಲೆಯ ಲೋಳೆಯದು, ಕಂದು ಎಲೆಯ ಫೀನಾಲ್ ಎಂಬ ರಾಸಾಯನಿಕಗಳದು. ಬಲಿತ ಎಲೆ ಬಿಟ್ಟು ಚಿಗುರೆಲೆ ಕೀಳಿ. ಎಲೆಯ ಹತ್ತು ಪಟ್ಟು ತೂಕದ ಸಿಲಿಕಾ ಜೆಲ್‌ನಲ್ಲಿಟ್ಟು ಒಂದು ದಿನದೊಳಗೆ ಗರಿಗರಿ ಒಣಗಿಸಿ. ನಿಧಾನವಾಗಿ ಒಣಗಿದರೆ ಡಿಎನ್‌ಎ ಅಲ್ಲೇ ತುಂಡಾಗುತ್ತದೆ. ಪುಡಿಯನ್ನು ಮೊದಲು ಸಾರ್ಬಿಟಾಲ್ ಬಫರ್‌ನಲ್ಲಿ ತೊಳೆಯಿರಿ. ಮೇಲೆ ನಿಲ್ಲುವ ನೀರಿನಲ್ಲಿ ಲೋಳೆ ಕಾಣದಾಗುವವರೆಗೆ, ಎರಡೋ ಮೂರೋ ಸಲ. ಆಮೇಲೆ 2% ಸಿಟಿಎಬಿ (ಕೋಶ ಒಡೆಯುವ ಮಾರ್ಜಕ), 1.4 ಮೋಲಾರ್ ಉಪ್ಪು, 2% ಪಿವಿಪಿ (ಫೀನಾಲ್ ಹಿಡಿದಿಡುವ ಪುಡಿ) ಇರುವ ಬಫರ್ ಹಾಕಿ. ಬೀಟಾ-ಮರ್ಕ್ಯಾಪ್ಟೋಇಥನಾಲನ್ನು ಆಗಿಂದಾಗ ಸೇರಿಸಿ, ಹಳೆಯದು ಕಂದನ್ನು ತಡೆಯದು. 65 ಡಿಗ್ರಿಯಲ್ಲಿ ಅರ್ಧ ಗಂಟೆ ಇಟ್ಟು, ಕ್ಲೋರೋಫಾರ್ಮ್ ಮತ್ತು ಐಸೋಅಮೈಲ್ ಆಲ್ಕೋಹಾಲನ್ನು 24:1ರ ಪ್ರಮಾಣದಲ್ಲಿ ಹಾಕಿ ಬೇರ್ಪಡಿಸಿ. ಮೇಲಿನ ಪದರಕ್ಕೆ ಅದರ ಅರ್ಧದಷ್ಟು 5 ಮೋಲಾರ್ ಉಪ್ಪುನೀರು, ಬಳಿಕ ಎರಡು ಪಟ್ಟು ಎಥನಾಲ್: ಉಪ್ಪು ಹೆಚ್ಚಿದ್ದಾಗ ಲೋಳೆ ದ್ರಾವಣದಲ್ಲೇ ಉಳಿದು ಡಿಎನ್‌ಎ ಮಾತ್ರ ತಳಕ್ಕಿಳಿಯುತ್ತದೆ. ಬೆಳಕು ಹೀರುವಿಕೆಯಿಂದ ಶುದ್ಧತೆ ಅಳೆಯುವ 260/280 ಅನುಪಾತ 1.8 ಬಂತೆಂದು ಸಮಾಧಾನಪಡಬೇಡಿ. 260/230 ಕಡಿಮೆಯಿದ್ದರೆ ಕಲ್ಮಶ ಇನ್ನೂ ಇದೆ.

ಓದಿಸಲು ದೊಡ್ಡ ಖರ್ಚು ಬೇಡ. 200 ಕೋಟಿ ಅಕ್ಷರ ಓದಿಸಿದರೆ, ಅದರಲ್ಲಿ ಕ್ಲೋರೋಪ್ಲಾಸ್ಟಿನ ಪಾಲು 5% ಅಂದುಕೊಂಡರೂ 10 ಕೋಟಿ. 1.6 ಲಕ್ಷದಿಂದ ಭಾಗಿಸಿ: ಪ್ರತಿ ಅಕ್ಷರವನ್ನೂ ಸರಾಸರಿ 625 ಸಲ ಓದಿದಂತೆ. ಬೇಕಾದ್ದಕ್ಕಿಂತ ಹೆಚ್ಚು.

ಇನ್ನು ಎರಡು ಜೀನೋಮ್. ಅದು ತಪ್ಪಲ್ಲ, ಎರಡೂ ಸರಿ! ದೊಡ್ಡ ತುಂಡು, ಚಿಕ್ಕ ತುಂಡು, ಅವುಗಳ ನಡುವೆ ತಿರುಗುಮುರುಗಾಗಿ ಕೂತ ಎರಡು ಒಂದೇ ಥರದ ಪ್ರತಿಗಳು: ಹೆಚ್ಚಿನ ಗಿಡಗಳಲ್ಲಿ ಕ್ಲೋರೋಪ್ಲಾಸ್ಟ್ ಜೀನೋಮಿನ ಕಟ್ಟು ಇದು. ಆ ಪ್ರತಿಗಳು ಒಂದಕ್ಕೊಂದು ಬೆಸೆದಾಗ ಚಿಕ್ಕ ತುಂಡು ಮಗುಚುತ್ತದೆ, ಒಂದೇ ಎಲೆಯಲ್ಲಿ ಎರಡೂ ರೂಪ ಇರುತ್ತವೆ. ಜೋಡಿಸುವ ತಂತ್ರಾಂಶ ಗೆಟ್‌ಆರ್ಗನೆಲ್ ಎರಡನ್ನೂ ಕೊಡುವುದು ಅದಕ್ಕೇ. ಹೋಲಿಸಲು ಎಲ್ಲ ಗಿಡಗಳದ್ದನ್ನೂ ಒಂದೇ ದಿಕ್ಕಿಗೆ ತಿರುಗಿಸಿಕೊಳ್ಳಿ. ಇದನ್ನು ಮರೆತು ‘ಹೊಸ ತಿರುವು ಸಿಕ್ಕಿತು’ ಎಂದು ಬರೆದವರಿದ್ದಾರೆ. ವಂಶವೃಕ್ಷ ಕಟ್ಟುವಾಗ ಎರಡು ಪ್ರತಿಗಳಲ್ಲಿ ಒಂದನ್ನು ತೆಗೆದುಬಿಡಿ, ಇಲ್ಲವಾದರೆ ಒಂದೇ ಸಾಕ್ಷಿಯನ್ನು ಎರಡು ಸಲ ಎಣಿಸಿದಂತೆ. ಹೂವು-ಕಾಯಿ ಸಮೇತ ಗಿಡವನ್ನು ಒಣಗಿಸಿ ಅಂಟಿಸಿದ ಹರ್ಬೇರಿಯಂ ಹಾಳೆ ಇಟ್ಟಿದ್ದೀರಿ ತಾನೇ? ಬಲಾದಂಥ ಗೊಂದಲದ ಕುಲದಲ್ಲಿ ಅದಿಲ್ಲದ ಜೀನೋಮ್ ಯಾವ ಗಿಡದ್ದೆಂದು ಆಮೇಲೆ ಯಾರೂ ಹೇಳಲಾರರು.

ಪ್ರಶ್ನೆ: ಜೇಷ್ಠಮಧು ಬೇರಿನ ಬದಲು ಗುಲಗಂಜಿ ಬೇರು ಕೊಡುತ್ತಾರಂತೆ. ಬೇರಿನಲ್ಲಿ ಹಸಿರೇ ಇಲ್ಲವಲ್ಲ, ಹೇಗೆ ಪತ್ತೆ ಮಾಡುವುದು?

ಉತ್ತರ: ಹಸಿರಿಲ್ಲದಿದ್ದರೂ ಬೇರಿನ ಕೋಶಗಳಲ್ಲಿ ಕ್ಲೋರೋಪ್ಲಾಸ್ಟಿನ ಬಳಗದ ಪ್ಲಾಸ್ಟಿಡ್ ಕಣಗಳಿವೆ, ಅವುಗಳ ಡಿಎನ್‌ಎ ಎಲೆಯದೇ. ಜೇಷ್ಠಮಧು, ಕಡಲೆ, ಬಟಾಣಿ, ಮೆಂತ್ಯ ಇವುಗಳ ಪೂರ್ವಜ ಮೇಲೆ ಹೇಳಿದ ಎರಡು ಪ್ರತಿಗಳಲ್ಲಿ ಒಂದನ್ನು ಕಳೆದುಕೊಂಡಿತ್ತು. ಅದಕ್ಕೇ ಜೇಷ್ಠಮಧುವಿನ ಜೀನೋಮ್ ಸುಮಾರು 1.27 ಲಕ್ಷ ಅಕ್ಷರ ಮಾತ್ರ. ಗುಲಗಂಜಿಯೂ ದ್ವಿದಳವೇ, ಆದರೆ ಬೇರೆ ಕವಲು. ಎರಡೂ ಪ್ರತಿ ಉಳಿಸಿಕೊಂಡಿದೆ. ಹಾಗಾಗಿ ಡಿಎನ್‌ಎ ಓದಿದರೆ ಎರಡನ್ನೂ ಬೇರೆ ಮಾಡಬಹುದು.

ಅಂಗಡಿಯ ಪುಡಿಯಲ್ಲಿ ಮಾತ್ರ ಡಿಎನ್‌ಎ ಚೂರುಚೂರಾಗಿರುತ್ತದೆ. ಗಿಡ ಗುರುತಿಸಲು ಬಳಸುವ ಆರ್‌ಬಿಸಿಎಲ್ ಎಂಬ ಕ್ಲೋರೋಪ್ಲಾಸ್ಟ್ ಜೀನಿನ 600 ಅಕ್ಷರದ ಭಾಗ ಬರದಿದ್ದರೆ 150-200 ಅಕ್ಷರದ ಚಿಕ್ಕ ಭಾಗ ಪ್ರಯತ್ನಿಸಿ. ಏನೂ ಬರಲಿಲ್ಲವೆಂದರೆ ಗಿಡ ಇಲ್ಲವೆಂದಲ್ಲ. ಕಷಾಯಕ್ಕಾದರೆ ರಾಸಾಯನಿಕ ಪರೀಕ್ಷೆಯೇ ಬೇಕು.

ಪ್ರಶ್ನೆ: ವಂಶವೃಕ್ಷದಲ್ಲಿ ಪಕ್ಕದ ಗಿಡಕ್ಕೂ ಅದೇ ಔಷಧ ಗುಣ ಇರುತ್ತದೆಯೇ?

ಉತ್ತರ: ಇರಬಹುದು, ಖಾತ್ರಿಯಿಲ್ಲ. ಔಷಧ ವಸ್ತು ತಯಾರಿಸುವ ಜೀನುಗಳು ಮುಖ್ಯವಾಗಿ ನ್ಯೂಕ್ಲಿಯಸ್ಸಿನಲ್ಲಿವೆ. ಕ್ಯಾನ್ಸರ್ ಔಷಧಿಗೆ ಮೂಲವಾದ ಕ್ಯಾಂಪ್ಟೊಥೆಸಿನ್ ಚೀನಾದ ಕ್ಯಾಂಪ್ಟೊಥೀಕಾ ಮರದಲ್ಲಿದೆ, ನಮ್ಮ ಪಶ್ಚಿಮಘಟ್ಟದ ನೊಥಪೊಡೈಟಿಸ್ ಮರದಲ್ಲೂ ಇದೆ. ಎರಡೂ ಬೇರೆಬೇರೆ ಕುಟುಂಬದವು, ಗಣವೂ ಬೇರೆ.